ಭರಣಿಯಿಂದ ಮೃಗಶಿರದವರೆಗೆ: ಬೇಸಿಗೆಯ ಕೊನೆಯಲ್ಲಿ ಹಿತ್ತಲೂ ಅಲ್ಲಿನ ಜೀವಗಳೂ

ಏಪ್ರಿಲ್ ಕೊನೆಗೆ ಭರಣಿ ಹುಟ್ಟಿದ ಮೇಲೆ ಜೂನ್ ಎರಡನೇ ವಾರದ ಮೃಗಶಿರದವರೆಗೆ ಸಿಗುವುದು ಸುಮಾರು ಆರು ವಾರ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ಮನೆಗಳಲ್ಲಿ ಮಳೆಗಾಲದ ತಯಾರಿ ನಡೆಯುವುದೆಲ್ಲ ಇದರೊಳಗೇ. ಹಿತ್ತಲು ಗುಡಿಸಬೇಕು, ಮರಗಸಿ (ಮರದ ಕೊಂಬೆ ಸವರುವುದು) ಮಾಡಿಸಬೇಕು, ಸೌದೆ ಒಟ್ಟಬೇಕು, ಹೆಂಚು ಕೈಯಾಡಿಸಬೇಕು, ಚರಂಡಿ ಬಿಡಿಸಬೇಕು. ಹಕ್ಕಿ ಮರಿ ಮಾಡುವುದು, ಕಾಳಿಂಗ ಮೊಟ್ಟೆಯಿಡುವುದು, ಮಿಂಚುಹುಳ ಏಳುವುದು, ಕಪ್ಪೆ ಮಣ್ಣಿನಿಂದ ಹೊರಬರುವುದು ಕೂಡ ಇದೇ ಆರು ವಾರದಲ್ಲಿ. ಹಿತ್ತಲಿನಲ್ಲಿ ಆಗುವ ಹೆಚ್ಚಿನ ಹಾನಿಗೆ ಕಾರಣ ಕೆಟ್ಟ ಕೆಲಸವಲ್ಲ, ಒಳ್ಳೆಯ ಕೆಲಸವನ್ನು ತಪ್ಪು ವಾರದಲ್ಲಿ ಮಾಡುವುದು. ಆದ್ದರಿಂದ ಇಲ್ಲಿ ಯಾವ ಕೆಲಸ ಹೇಗೆ ಎನ್ನುವಷ್ಟೇ ಯಾವಾಗ ಎನ್ನುವುದಕ್ಕೂ ಜಾಗ ಕೊಟ್ಟಿದೆ.

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನಂಥ ಬಯಲುಸೀಮೆಯ ತೆಂಗಿನ ತೋಟದ ಮನೆಗಳಿಗೂ ಇದರಲ್ಲಿ ಮುಕ್ಕಾಲು ಭಾಗ ಹೊಂದುತ್ತದೆ. ಅಲ್ಲಿ ನೀರಿನ ಕೆಲಸ ಇನ್ನೂ ಮುಂಚೆ, ಶಿವರಾತ್ರಿ ಕಳೆದ ಕೂಡಲೇ ಶುರುವಾಗಬೇಕು. ಬಸವನಹುಳು, ಉಣುಗುಗಳ ಕಾಟ ಮಲೆನಾಡಿನಷ್ಟು ಇರುವುದಿಲ್ಲ.

ನೀರು

ಹಕ್ಕಿಗೆ ನೀರಿಡುವವರು ಸಾಮಾನ್ಯವಾಗಿ ಮಾಡುವ ತಪ್ಪು ಆಳದ ಪಾತ್ರೆ ಇಡುವುದು. ಪ್ಲಾಸ್ಟಿಕ್ ಬಕೆಟ್ಟಿನ ಅಂಚು ಜಾರುತ್ತದೆ, ಪಿಕಳಾರದ ಮರಿ ಒಳಗೆ ಬಿದ್ದರೆ ಮೇಲೆ ಬರುವುದಿಲ್ಲ. ಕುಂಬಾರರ ಹತ್ತಿರ ಸಿಗುವ ಅಗಲವಾದ ಮಣ್ಣಿನ ತಟ್ಟೆ ಸಾಕು. ಅಗಲ ಹನ್ನೆರಡರಿಂದ ಹದಿನೈದು ಇಂಚು, ಆಳ ಎರಡು ಇಂಚಿಗಿಂತ ಹೆಚ್ಚು ಬೇಡ. ನಡುವೆ ನೀರಿನಿಂದ ಅರ್ಧ ಇಂಚು ಮೇಲೆ ಏಳುವಂಥ ಒರಟು ಚಪ್ಪಟೆ ಕಲ್ಲಿಡಿ. ಸೂರಕ್ಕಿಯಂಥ ಪುಟ್ಟ ಹಕ್ಕಿ ಕೂರುವುದು ಆ ಕಲ್ಲಿನ ಮೇಲೆ. ತಟ್ಟೆಯನ್ನು ನೆಲದಿಂದ ಮೂರು ಅಡಿ ಎತ್ತರದಲ್ಲಿ, ಅರೆ ನೆರಳಿನಲ್ಲಿ, ಹತ್ತಿರದ ಪೊದೆಯಿಂದ ಆರೇಳು ಅಡಿ ದೂರದಲ್ಲಿ ಇರಿಸಿ. ಪೊದೆಗೆ ತಾಗಿಸಿದರೆ ಬೆಕ್ಕು ಅಲ್ಲೇ ಹೊಂಚು ಹಾಕುತ್ತದೆ. ತೀರಾ ಬಯಲಿಗಿಟ್ಟರೆ ಗಿಡುಗದ ಭಯಕ್ಕೆ ಹಕ್ಕಿ ಇಳಿಯುವುದಿಲ್ಲ, ಮಧ್ಯಾಹ್ನಕ್ಕೆ ನೀರೂ ಕಾದುಹೋಗುತ್ತದೆ.

ನೀರನ್ನು ದಿನಾ ಚೆಲ್ಲಿ, ತಟ್ಟೆಯ ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ. ಸೋಪು ಬೇಡ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯನ್ನು ನೀರಿನ ಅಂಚಿನ ಗೋಡೆಗೆ ಅಂಟಿಸುತ್ತದೆ, ಹಾಗಾಗಿ ನೀರು ಚೆಲ್ಲಿದ ಮಾತ್ರಕ್ಕೆ ಮೊಟ್ಟೆ ಹೋಗುವುದಿಲ್ಲ. ಬಿಸಿಲುಕಾಲದಲ್ಲಿ ಮೊಟ್ಟೆ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ದಿನಾ ಆಗದಿದ್ದರೆ ಮೂರು ದಿನಕ್ಕೊಮ್ಮೆಯಾದರೂ ಉಜ್ಜಿದರೆ ಆ ಸರಪಳಿ ಕಡಿಯುತ್ತದೆ. ಇದೇ ಕಾರಣಕ್ಕೆ ಹಿತ್ತಲಿನಲ್ಲಿ ಬಿದ್ದ ಅಡಿಕೆ ಹಾಳೆ, ಎಳನೀರು ಬುರುಡೆ, ತೆಂಗಿನ ಚಿಪ್ಪುಗಳನ್ನು ಮೊದಲ ಮಳೆಗೆ ಮುಂಚೆ ಆರಿಸಿ ಬೋರಲು ಹಾಕಬೇಕು. ಒಂದು ಹಾಳೆಯಲ್ಲಿ ನಿಂತ ಒಂದು ಲೋಟ ನೀರು ಸೊಳ್ಳೆಗೆ ಧಾರಾಳ.

ಜೇನಿಗೆ ಬೇರೆ ಏರ್ಪಾಡು ಬೇಕು. ಜೇನುನೊಣ ನೀರಿನ ಮೇಲೆ ಕೂತು ಕುಡಿಯಲಾರದು, ಒದ್ದೆ ಜಾಗಕ್ಕೆ ಬಾಯಿಡುತ್ತದೆ. ತಟ್ಟೆಗೆ ಜಲ್ಲಿ ತುಂಬಿ ಅದು ಒದ್ದೆಯಾಗುವಷ್ಟು ನೀರು ಹೊಯ್ಯಿರಿ. ಒದ್ದೆ ಗೋಣಿಚೀಲವಾದರೂ ಆಗುತ್ತದೆ. ಮಾರ್ಚ್ ತಿಂಗಳಿಗೇ ಇಟ್ಟು ಅಭ್ಯಾಸ ಮಾಡಿಸಿದರೆ ಮೇ ತಿಂಗಳಲ್ಲಿ ಬಚ್ಚಲು, ನಲ್ಲಿಯ ಹತ್ತಿರ ಮುತ್ತುವುದು ಕಡಿಮೆಯಾಗುತ್ತದೆ.

ಮುಂಗುಸಿ, ಓತಿಕ್ಯಾತ, ಹಾವುಗಳಿಗೆ ನೆಲಮಟ್ಟದ ಇನ್ನೊಂದು ತಟ್ಟೆ ಬೇಕು. ಅದನ್ನು ಮನೆಯಿಂದ ಮೂವತ್ತು ಅಡಿಯಾದರೂ ದೂರ, ಬೇಲಿಯ ಬುಡದಲ್ಲಿ ಇಡಿ. ಬೇಸಿಗೆಯಲ್ಲಿ ಹಾವು ಬಚ್ಚಲಿಗೆ ಬರುವುದು ಹೆಚ್ಚಾಗಿ ತಂಪಿಗೆ, ಮತ್ತು ತಂಪಿಗೆ ಬಂದ ಕಪ್ಪೆಗೆ. ಅದು ದೂರದಲ್ಲೇ ಸಿಕ್ಕರೆ ಮನೆಯತ್ತ ಬರುವ ಕಾರಣ ಒಂದು ಕಡಿಮೆಯಾಯಿತು.

ಸಿಮೆಂಟಿನ ತೊಟ್ಟಿ, ತೆರೆದ ಬಾವಿ ಇದ್ದರೆ ಇವತ್ತೇ ಮಾಡಬಹುದಾದ ಕೆಲಸವೊಂದಿದೆ. ತೊಟ್ಟಿಯ ತಳದಿಂದ ಅಂಚಿನವರೆಗೆ ಒರಟು ತೊಗಟೆಯ ಒಂದು ಕೊಂಬೆಯನ್ನು ಓರೆಯಾಗಿ ಇಳಿಬಿಡಿ. ಅಳಿಲು, ಕಪ್ಪೆ, ಓತಿಕ್ಯಾತ ನೀರಿಗೆ ಬಂದು ಮುಳುಗಿ ಸಾಯುವುದು ಏಪ್ರಿಲ್, ಮೇ ತಿಂಗಳಲ್ಲೇ ಹೆಚ್ಚು. ಅದನ್ನು ತಪ್ಪಿಸಲು ಒಂದು ಕೊಂಬೆ ಸಾಕು. ಸೊಳ್ಳೆಗೆಂದು ತೊಟ್ಟಿಗೆ ಗಪ್ಪಿ ಮೀನು ಬಿಡುವವರು ಅದು ಕೆರೆ, ಹಳ್ಳ ಸೇರದಂತೆ ನೋಡಿಕೊಳ್ಳಬೇಕು. ಗಪ್ಪಿ ಕಪ್ಪೆಯ ಮರಿಗಳನ್ನೂ ತಿನ್ನುತ್ತದೆ.

ಗಿಡಕ್ಕೆ ನೀರು ಸಾಲದ ಮನೆಗಳಿಗೆ ಹೂತ ಗಡಿಗೆಯ ಕ್ರಮ ಒಳ್ಳೆಯದು. ಹೊಳಪು ಲೇಪವಿಲ್ಲದ, ಐದು ಲೀಟರಿನ ಮಣ್ಣಿನ ಗಡಿಗೆಯನ್ನು ಕಂಠ ಮಾತ್ರ ಮೇಲೆ ಕಾಣುವಂತೆ ಗಿಡದಿಂದ ಒಂದಡಿ ದೂರ ಹೂಳಿ, ನೀರು ತುಂಬಿ, ಬಾಯಿಗೆ ಮುಚ್ಚಳ ಹಾಕಿ. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿದರಾಯಿತು. ಮುಚ್ಚಳ ಮರೆತರೆ ಅದೂ ಸೊಳ್ಳೆಗೂಡೇ.

ದರಗು ಗುಡಿಸುವ ಮುನ್ನ

ಹಿತ್ತಲನ್ನು ಎರಡು ಭಾಗವಾಗಿ ನೋಡಿ. ಮನೆಯ ಗೋಡೆಯಿಂದ ಹದಿನೈದು ಅಡಿಯವರೆಗೆ ಸುತ್ತಲೂ ಅಂಗಳದ ಹಾಗೆ ಬರಿ ನೆಲವಾಗಿರಲಿ. ಅದರಾಚೆಗಿನ ಬೇಲಿಯಂಚಿನಲ್ಲಿ ದರಗು, ಒಣಕೊಂಬೆ, ಕಲ್ಲುಗುಪ್ಪೆ ಹಾಗೇ ಇರಲಿ. ಪೂರ್ತಿ ಗುಡಿಸಿದರೆ ಮಣ್ಣು ಸುಡುತ್ತದೆ, ಪೂರ್ತಿ ಬಿಟ್ಟರೆ ಬಾಗಿಲ ಬುಡದಲ್ಲೇ ಹಾವು. ಈ ಎರಡರ ನಡುವೆ ಗೆರೆ ಎಳೆದರೆ ಮನುಷ್ಯರಿಗೂ ಹಾವಿಗೂ ಒಳ್ಳೆಯದು.

ಗುಡಿಸಿದ ದರಗಿಗೆ ಬೆಂಕಿ ಹಾಕಬೇಡಿ. ಗಿಡದ ಬುಡಕ್ಕೆ ಮೂರು ನಾಲ್ಕು ಇಂಚು ದಪ್ಪ ಹರಡಿ, ಕಾಂಡದ ಸುತ್ತ ನಾಲ್ಕು ಇಂಚು ಖಾಲಿ ಬಿಡಿ. ಕಾಂಡಕ್ಕೆ ತಾಗಿಸಿದರೆ ಈಗ ಗೆದ್ದಲು, ಆಮೇಲೆ ಮಳೆಯಲ್ಲಿ ಕೊಳೆ. ಸಿಲ್ವರ್ ಓಕ್ ಎಲೆ ಬೇಗ ಕೊಳೆಯುವುದಿಲ್ಲ, ಹಲಸು, ಹಾಲುವಾಣದ ಎಲೆಯ ಜೊತೆ ಬೆರೆಸಿ. ಬಯಲುಸೀಮೆಯಲ್ಲಿ ತೆಂಗಿನ ಮಟ್ಟೆಯನ್ನು ನಾರಿನ ಭಾಗ ಮೇಲೆ ಬರುವಂತೆ ಬುಡದ ಸುತ್ತ ಹೂಳುವ ಪದ್ಧತಿ ತೇವ ಹಿಡಿಯಲು ಬಹಳ ಒಳ್ಳೆಯದು. ಹುಲ್ಲುಗುಡ್ಡದ ಪಕ್ಕದ ಮನೆಯಾದರೆ ಗುಡ್ಡದ ಕಡೆಯ ಬೇಲಿಗುಂಟ ಎಂಟು ಹತ್ತು ಅಡಿ ಅಗಲಕ್ಕೆ ಹುಲ್ಲು ಕೆತ್ತಿಸಿ ಬೆಂಕಿರೇಖೆ ಮಾಡಲೇಬೇಕು. ಅದು ಶಿವರಾತ್ರಿಯೊಳಗೆ ಆಗಬೇಕಾದ ಕೆಲಸ, ಮೇ ತಿಂಗಳಿಗೆ ಕಾಯುವಂಥದ್ದಲ್ಲ.

ದರಗಿಗೆ ಬರಿಗೈ ಹಾಕಬಾರದು. ರೇಕು ಅಥವಾ ಉದ್ದನೆಯ ಕೋಲಿನಿಂದ ಮೊದಲು ಕೆದಕಿ, ಒಂದು ನಿಮಿಷ ನಿಲ್ಲಿ, ಆಮೇಲೆ ಎಳೆಯಿರಿ. ಕಾಲಿಗೆ ಮೊಣಕಾಲು ಮುಟ್ಟುವ ಗಮ್‌ಬೂಟು. ಕಾಫಿ ಸೀಮೆಯಲ್ಲಿ ದರಗಿನ ಬಣ್ಣವನ್ನೇ ಹೊದ್ದು, ಸುರುಳಿ ಸುತ್ತಿ ಕದಲದೆ ಮಲಗುವ ತ್ರಿಕೋನ ತಲೆಯ ಸಣ್ಣ ಮಂಡಲಗಳಿವೆ. ನಮ್ಮಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ. ಈ ಸಣ್ಣ ಮಂಡಲಗಳ ವಿಷಕ್ಕೆ ಅದು ಕೆಲಸ ಮಾಡುವುದಿಲ್ಲ. ಆದ್ದರಿಂದ ಬೂಟಿನ ವಿಷಯದಲ್ಲಿ ಸಡಿಲ ಬೇಡ. ಯಾವ ಹಾವು ಕಚ್ಚಿದರೂ ಕಟ್ಟು ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಮಾಡಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ, ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡದಂತೆ ದಬ್ಬೆ ಕಟ್ಟಿ, ನಡೆಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿ. ಹಾವನ್ನು ಹಿಡಿದೋ ಹೊಡೆದೋ ತರಬೇಕಿಲ್ಲ.

ಕಾಳಿಂಗದ ವಿಷಯ ಬೇರೆಯೇ ಹೇಳಬೇಕು. ಬೇಸಿಗೆಯ ಕೊನೆಯಲ್ಲಿ ಹೆಣ್ಣು ಕಾಳಿಂಗ ದೇಹದಿಂದಲೇ ದರಗು ಎಳೆದು ಗುಡ್ಡೆ ಮಾಡಿ ಅದರೊಳಗೆ ಮೊಟ್ಟೆಯಿಡುತ್ತದೆ. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಇದೊಂದೇ. ಬಿದಿರುಮೆಳೆಯ ಬುಡದಲ್ಲೋ ತೋಟದ ಇಳಿಜಾರಿನಲ್ಲೋ ಯಾರೂ ಗುಡಿಸದೆ ತಾನಾಗಿ ಎದ್ದಂಥ ಅಚ್ಚುಕಟ್ಟು ದರಗಿನ ಗುಡ್ಡೆ ಕಂಡರೆ ಕೆದಕಬೇಡಿ. ತಾಯಿ ಮೇಲೆಯೇ ಕಾವಲಿರುತ್ತದೆ. ಕೆಲಸದವರನ್ನು ಆ ಕಡೆಯಿಂದ ತೆಗೆದು ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿ. ಆ ನಂಬರ್ ಮೊದಲೇ ಗೋಡೆಯ ಮೇಲೆ ಬರೆದಿಟ್ಟಿರಬೇಕು, ಆಗ ಹುಡುಕುವ ಹಾಗಾಗಬಾರದು.

ಸೌದೆ ಒಟ್ಟುವುದು ಹೀಗೆ: ಮನೆಯ ಗೋಡೆಯಿಂದ ಎರಡಡಿ ಬಿಟ್ಟು, ಒಂದಡಿ ಎತ್ತರದ ಕಲ್ಲಿನ ಕಂಬಗಳ ಮೇಲೆ ತೊಲೆ ಹಾಸಿ, ಅದರ ಮೇಲೆ. ಕೆಳಗೆ ಬೆಳಕು ಹಾಯುವಂತಿದ್ದರೆ ಇಲಿ ನಿಲ್ಲುವುದಿಲ್ಲ, ಇಲಿ ಇಲ್ಲದಲ್ಲಿ ಹಾವು ತಂಗುವುದಿಲ್ಲ. ಹಳೆಯ ಒಟ್ಟನ್ನು ಬಿಚ್ಚುವುದು ಬೆಳಗ್ಗೆ ಹತ್ತರ ಮೇಲೆ, ಮೇಲಿನಿಂದ ಕೆಳಕ್ಕೆ, ಒಂದೊಂದೇ ತುಂಡು. ಕೇರೆ ಹಾವು ಕಂಡರೆ ಹೋಗಲು ಬಿಡಿ. ಅದರಷ್ಟು ಇಲಿ ಹಿಡಿಯುವ ಬೆಕ್ಕು ಸಿಗುವುದು ಕಷ್ಟ.

ಉಣುಗು ಮತ್ತು ಮಂಗನ ಕಾಯಿಲೆ

ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಸುತ್ತಿನವರಿಗೆ ಇದು ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಉಣುಗಿನಿಂದ ಹರಡುತ್ತದೆ, ಬೇಸಿಗೆ ಮುಗಿದು ಮಳೆ ಹತ್ತುವವರೆಗೆ ಅದರ ಕಾಲ. ಕಾಡಂಚಿಗೆ ಸೊಪ್ಪು ದರಗಿಗೆ ಹೋಗುವಾಗ ತುಂಬುತೋಳಿನ ಅಂಗಿ, ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿಕೊಳ್ಳುವುದು, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳುವುದು. ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈ ತೊಳೆದು, ಕಂಕುಳು, ಮೊಣಕಾಲ ಹಿಂಬದಿ, ಕಿವಿಯ ಹಿಂದೆ ನೋಡಿಕೊಳ್ಳುವುದು. ಹಿತ್ತಲಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ನೀವಾಗಿ ಹೂಳಲೂ ಬೇಡಿ. ಸತ್ತ ಮಂಗದ ಮೈಯಿಂದ ಉಣುಗುಗಳು ಸುತ್ತಲ ನೆಲಕ್ಕೆ ಇಳಿದಿರುತ್ತವೆ. ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿದರೆ ಅವರು ಮುಂದಿನದು ನೋಡಿಕೊಳ್ಳುತ್ತಾರೆ. ಕಾಡಿಗೆ ಹೋಗಿಬಂದ ಒಂದು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ಡಾಕ್ಟರಿಗೆ ಮೊದಲೇ ತಿಳಿಸಿ.

ಮರಗಸಿಯೂ ಗೂಡೂ

ಮನೆಯ ಮೇಲೆ ಬಾಗಿದ ಒಣಕೊಂಬೆ ಕಡಿಸಲೇಬೇಕು. ಕೃತ್ತಿಕೆಯ ಗಾಳಿಗೆ ಅದು ಹೆಂಚಿನ ಮೇಲೆ ಬೀಳುವುದು ಖಂಡಿತ. ಆದರೆ ಬೇಲಿ ಸವರುವುದು, ದಾಸವಾಳ, ಕೇಪಳದ ಪೊದೆ ಕತ್ತರಿಸುವುದು ಜುಲೈಗೆ ಹೋದರೂ ನಷ್ಟವಿಲ್ಲ. ಮಾರ್ಚಿನಿಂದ ಜೂನ್‌ವರೆಗೆ ಆ ಪೊದೆಗಳಲ್ಲೇ ಪಿಕಳಾರ, ಸೂರಕ್ಕಿ, ಎಲೆ ಹೊಲಿಯುವ ಟುವ್ವಿಹಕ್ಕಿಗಳ ಸಂಸಾರ. ಗೋಡೆಯ ತೂತಿನಲ್ಲಿ ಮಡಿವಾಳ ಹಕ್ಕಿ, ಹಾಲುವಾಣದ ಒಣಗಿದ ಬುಡದಲ್ಲಿ ಕುಟ್ರು.

ಕತ್ತಿ ಹಾಕುವ ಮೊದಲು ಹದಿನೈದು ನಿಮಿಷ ದೂರ ನಿಂತು ನೋಡಿ. ಬಾಯಲ್ಲಿ ನಾರೋ ಹುಳುವೋ ಹಿಡಿದ ಹಕ್ಕಿ ಒಂದೇ ಜಾಗಕ್ಕೆ ಎರಡು ಮೂರು ಸಲ ಹೋದರೆ ಅಲ್ಲಿ ಗೂಡಿದೆ. ಪಿಕಳಾರಕ್ಕೆ ಮೊಟ್ಟೆಯಿಂದ ಮರಿ ಹಾರುವವರೆಗೆ ಮೂರೂವರೆ ವಾರ ಸಾಕು. ಸೂರಕ್ಕಿಗೆ ಇನ್ನು ಕೆಲವು ದಿನ ಹೆಚ್ಚು. ಅಂದರೆ ಗೂಡು ಕಂಡ ದಿನದಿಂದ ಐದು ವಾರ ಆ ಕೊಂಬೆ ಬಿಟ್ಟು ಉಳಿದದ್ದು ಕತ್ತರಿಸಿ. ಗೂಡಿನ ಸುತ್ತಲ ಎಲೆ ತೆಗೆದರೆ ಗೂಡು ಉಳಿಯಿತು ಎಂದುಕೊಳ್ಳುವ ಹಾಗಿಲ್ಲ. ಮರೆ ಹೋದ ಗೂಡು ಎರಡೇ ದಿನದಲ್ಲಿ ಕಾಗೆ, ಕೆಂಬೂತದ ಕಣ್ಣಿಗೆ ಬೀಳುತ್ತದೆ. ರೆಕ್ಕೆ ಬಲಿತು ನೆಲದಲ್ಲಿ ಕುಪ್ಪಳಿಸುವ ಮರಿಯನ್ನು ಮನೆಯೊಳಗೆ ತರಬೇಡಿ. ತಾಯಿ ಹತ್ತಿರದಲ್ಲೇ ಇದ್ದು ತುತ್ತು ಕೊಡುತ್ತಿರುತ್ತದೆ. ಬೆಕ್ಕಿನ ಭಯವಿದ್ದರೆ ಹತ್ತಿರದ ಪೊದೆಯ ಮೇಲೆ ಕೂರಿಸಿದರೆ ಸಾಕು. ಪುಕ್ಕ ಬಾರದ ಮರಿ ಬಿದ್ದಿದ್ದರೆ ಗೂಡಿಗೇ ಹಿಂತಿರುಗಿಸಿ. ಕೈ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎನ್ನುವುದು ನಿಜವಲ್ಲ.

ಕರಿಬೇವು, ನಿಂಬೆಯ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಕಂಬಳಿಹುಳು ಚಿಟ್ಟೆಯ ಮರಿ, ದೊಡ್ಡದಾದಾಗ ಹಸಿರಾಗುತ್ತದೆ. ನಾಲ್ಕಡಿ ಮೀರಿದ ಗಿಡಕ್ಕೆ ಅದರಿಂದ ಏನೂ ಆಗದು. ಪುಟ್ಟ ಸಸಿಯಾದರೆ ಹುಳುವನ್ನು ಎಲೆಸಮೇತ ದೊಡ್ಡ ಗಿಡಕ್ಕೆ ಸಾಗಿಸಿ. ಮಳೆ ಹಿಡಿದ ಮೇಲೆ ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿದರೆ ನಮ್ಮ ರಾಜ್ಯ ಚಿಟ್ಟೆ, ಅಂಗೈಗಿಂತ ಅಗಲದ ಕಪ್ಪು ಹಳದಿಯ ಸದರ್ನ್ ಬರ್ಡ್‌ವಿಂಗ್, ಹಿತ್ತಲಿಗೆ ಬಂದು ಮೊಟ್ಟೆಯಿಡುವ ಸಂಭವವಿದೆ.

ಮಾವಿನ ಮರದಲ್ಲಿ ಚಗಳಿ ಎಂಬ ಕೆಂಪಿರುವೆಯ ಗೂಡಿದ್ದರೆ ಔಷಧಿ ಹೊಡೆಯಬೇಡಿ. ಎಲೆ ತಿನ್ನುವ ಎಷ್ಟೋ ಹುಳುಗಳನ್ನು ಅದು ಹಿಡಿಯುತ್ತದೆ. ಕಾಯಿ ಕೀಳುವಾಗ ಕಚ್ಚುತ್ತದೆ ಎನ್ನುವುದೇ ತೊಂದರೆಯಾದರೆ, ಆ ಕೊಂಬೆಯ ಗೂಡನ್ನು ಮಾತ್ರ ಕೊಕ್ಕೆಯಿಂದ ಇಳಿಸಿ. ಚಟ್ನಿ ಮಾಡುವವರು ಮಲೆನಾಡಿನಲ್ಲಿ ಇನ್ನೂ ಇದ್ದಾರೆ.

ತಿಪ್ಪೆ ತಿರುವಿಹಾಕುವುದು

ಮೇ ಮೊದಲ ವಾರ ಇದಕ್ಕೆ ಸರಿಯಾದ ಸಮಯ, ಮುಖ್ಯವಾಗಿ ತೆಂಗು ಇರುವವರಿಗೆ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಮರಿ ಮಾಡುವುದು ತಿಪ್ಪೆಯಲ್ಲೇ, ಹೆಬ್ಬೆರಳು ಗಾತ್ರದ ಬಿಳಿ ಗೊಣ್ಣೆಹುಳು ಅದರದ್ದೇ. ಬೆಳಗ್ಗೆ ಆರೂವರೆಗೆ ತಿಪ್ಪೆಯ ಒಂದು ಬದಿಯನ್ನು ಎರಡಡಿ ಆಳಕ್ಕೆ ಕಿತ್ತು ಹರಡಿ, ಅಲ್ಲಿಂದ ಸರಿದುಬಿಡಿ. ಗೊರವಂಕ, ಕಾಗೆ, ಹರಟೆಮಲ್ಲ, ಬೆಳ್ಳಕ್ಕಿ ಬಂದು ಒಂದೂ ಬಿಡದೆ ಆರಿಸುತ್ತವೆ. ಮರುದಿನ ಇನ್ನೊಂದು ಬದಿ. ಒಮ್ಮೆಗೇ ಎಲ್ಲ ತಿರುವಿದರೆ ಹಕ್ಕಿ ತಿನ್ನುವ ಮೊದಲೇ ಹುಳು ಮತ್ತೆ ಒಳಸೇರುತ್ತದೆ. ನಾಲ್ಕು ದಿನ ಹೀಗೆ ಮಾಡಿದರೆ ವಿಷದ ಪುಡಿ ಬೆರೆಸುವ ಅಗತ್ಯವಿಲ್ಲ.

ಆಫ್ರಿಕಾದ ಬಸವನಹುಳು

ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಇದರ ಹಾವಳಿ ಕಂಡವರಿಗೆ ವಿವರಿಸಬೇಕಿಲ್ಲ. ಅಂಗೈ ಉದ್ದದ, ಕಂದು ಪಟ್ಟೆಯ, ಮೊನಚು ತುದಿಯ ಚಿಪ್ಪು. ಬೇಸಿಗೆಯಿಡೀ ಇದು ಮಣ್ಣಿನಲ್ಲೋ ಕಲ್ಲಿನ ಸಂದಿನಲ್ಲೋ ಚಿಪ್ಪಿನ ಬಾಯಿಗೆ ಬಿಳಿ ಪೊರೆ ಕಟ್ಟಿಕೊಂಡು ಮಲಗಿರುತ್ತದೆ. ಮೊದಲ ಹದವಾದ ಮಳೆಗೆ ಎದ್ದು, ಹಸಿವಿನಿಂದ ಸಿಕ್ಕ ಚಿಗುರನ್ನೆಲ್ಲ ಮೇಯುತ್ತದೆ. ಒಂದೇ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಇರುವುದರಿಂದ ಕೂಡಿದ ಎರಡೂ ಮೊಟ್ಟೆಯಿಡಬಲ್ಲವು, ಒಂದು ಸಲಕ್ಕೆ ನೂರಕ್ಕೂ ಮೇಲೆ. ಹಾಗಾಗಿ ಮೊದಲ ಮಳೆಯ ನಂತರದ ಎರಡು ವಾರವೇ ಇದನ್ನು ಹಿಡಿಯುವ ಕಾಲ. ಜುಲೈಯಲ್ಲಿ ನೂರು ಹಿಡಿಯುವುದಕ್ಕಿಂತ ಈಗ ಹತ್ತು ಹಿಡಿದರೆ ಫಲ ಹೆಚ್ಚು.

ಈಗಲೇ, ಮಳೆಗೆ ಮುಂಚೆ, ಬೇಲಿಬುಡದ ಕಲ್ಲು, ಹೂಕುಂಡಗಳ ತಳ, ಹಳೆ ಹೆಂಚಿನ ರಾಶಿ ಎತ್ತಿ ನೋಡಿ. ಮಲಗಿರುವುದನ್ನು ಆರಿಸುವುದು ಸುಲಭ. ಮಳೆ ಬಿದ್ದ ಸಂಜೆ, ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ಬೆಲ್ಲ ಕರಗಿಸಿ ಗೋಣಿಚೀಲ ಅದ್ದಿ, ಬೇಲಿಗುಂಟ ಹತ್ತಡಿಗೊಂದರಂತೆ ಹಾಸಿ. ಅಡಿಯಲ್ಲಿ ಪರಂಗಿ ಎಲೆ, ಕೋಸಿನ ಹೊರಎಲೆ ಹಾಕಿ. ಬೆಳಗ್ಗೆ ಬಿಸಿಲೇರುವ ಮುಂಚೆ ಚೀಲ ಎತ್ತಿದರೆ ಅಡಿಯಲ್ಲಿ ಗುಂಪಾಗಿ ಸಿಗುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳಿಗೆ ಆರಿಸಲು ಹೇಳಬೇಡಿ. ಮನುಷ್ಯನ ಮೆದುಳಿಗೆ ತೊಂದರೆ ಕೊಡುವ ಒಂದು ಬಗೆಯ ಜಂತು ಇದರ ಲೋಳೆಯಲ್ಲಿ ಇರಬಹುದು. ಕೈಗವಸು ಅಥವಾ ಇಕ್ಕಳ ಬೇಕು. ಹಿತ್ತಲ ಸೊಪ್ಪು ತರಕಾರಿಯನ್ನು ಈ ದಿನಗಳಲ್ಲಿ ಹಸಿಯಾಗಿ ತಿನ್ನದಿರುವುದೇ ಕ್ಷೇಮ.

ಹತ್ತು ಲೀಟರ್ ನೀರಿಗೆ ಎರಡು ಕಿಲೋ ಕಲ್ಲುಪ್ಪು ಕರಗಿಸಿದ ಬಕೆಟ್ಟಿಗೆ ಹಾಕಿದರೆ ಸಾಯುತ್ತವೆ. ಬಾವಿಯಿಂದ ದೂರದಲ್ಲಿ ಎರಡಡಿ ಗುಂಡಿ ತೆಗೆದು, ಮೇಲೆ ಸುಣ್ಣದ ಪುಡಿ ಚೆಲ್ಲಿ ಮುಚ್ಚಿ. ಹಾಗೇ ರಾಶಿ ಹಾಕಿದರೆ ನಾತಕ್ಕೆ ನಿಲ್ಲಲಾಗದು. ಉಪ್ಪನ್ನು ನೇರವಾಗಿ ಮಡಿಯ ಮೇಲೆ ಎರಚುವವರಿದ್ದಾರೆ. ಹುಳು ಸತ್ತರೂ ಮಣ್ಣು ಕೆಡುತ್ತದೆ, ಗಿಡದ ಬೇರು ಸುಡುತ್ತದೆ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆ ನಾಯಿಗೆ ವಿಷ. ಹೊಟ್ಟು ಬೆರೆಸಿದ್ದರಿಂದ ತಿನ್ನಲು ರುಚಿಯೂ ಹೌದು. ನಾಯಿಯಿರುವ ಮನೆಯಲ್ಲಿ ಬೇಡವೇ ಬೇಡ.

ಮಣ್ಣು ಕೆದಕುವಾಗ ಮೊಟ್ಟೆ ಸಿಕ್ಕರೆ ಎಲ್ಲವನ್ನೂ ಜಜ್ಜಬೇಡಿ. ಬಸವನಹುಳುವಿನದ್ದು ಕೊತ್ತಂಬರಿ ಬೀಜದಷ್ಟು, ಗುಂಡು, ತಿಳಿ ಹಳದಿ, ಮೇಲ್ಮಣ್ಣಿನಲ್ಲೇ ರಾಶಿಯಾಗಿ. ಓತಿಕ್ಯಾತದ್ದು ಅದಕ್ಕಿಂತ ದೊಡ್ಡದು, ಉದ್ದುರುಟು, ಬಿಳಿ, ಚರ್ಮದಂತೆ ಮೆತ್ತಗೆ, ಹತ್ತಿಪ್ಪತ್ತು. ಅದನ್ನು ಇದ್ದ ಹಾಗೇ ಮುಚ್ಚಿಬಿಡಿ.

ಡೇರೆಗೆಡ್ಡೆ ನೆಡುವವರು ಹುಳು ಹಿಡಿಯುವ ಕೆಲಸ ಒಂದು ಸುತ್ತು ಮುಗಿದ ಮೇಲೆ ನೆಡಬೇಕು. ಡೇರೆಯ ಮೊಳಕೆ ಅದಕ್ಕೆ ಬಲು ಇಷ್ಟ, ಒಂದೇ ರಾತ್ರಿಯಲ್ಲಿ ಸಾಲು ಖಾಲಿ. ಗೆಡ್ಡೆಗೆ ಕಾಂಡದ ಬುಡದ ಕಣ್ಣು ಅಂಟಿಕೊಂಡಿರಬೇಕು. ಕುತ್ತಿಗೆ ಮುರಿದ ಗೆಡ್ಡೆ ಎಷ್ಟೇ ದಪ್ಪವಿದ್ದರೂ ಮೊಳೆಯುವುದಿಲ್ಲ. ಏರುಮಡಿಯಲ್ಲಿ ನಾಲ್ಕು ಇಂಚು ಆಳ, ನೆಡುವಾಗಲೇ ಊರುಗೋಲು. ಆಮೇಲೆ ಕೋಲು ಚುಚ್ಚಿದರೆ ಗೆಡ್ಡೆಗೆ ಪೆಟ್ಟು.

ಜೇನುಪೆಟ್ಟಿಗೆ

ಕಾಫಿ ಹೂವಿನ ನಂತರ ತುಡುವೆ ಜೇನಿನ ಪೆಟ್ಟಿಗೆಯ ಮೇಲಂತಸ್ತು ತುಂಬಿರುತ್ತದೆ. ಕೊನೆಯ ತುಪ್ಪ ತೆಗೆಯುವುದು ಮೇ ಮೂರನೇ ವಾರದೊಳಗೆ, ಮುಕ್ಕಾಲು ಪಾಲು ಕಣ್ಣು ಮುಚ್ಚಿದ ಎರಿಯಿಂದ ಮಾತ್ರ. ಕೆಳಗಿನ ಮರಿಕೋಣೆಯ ತುಪ್ಪ ಮುಟ್ಟಬಾರದು, ಮಳೆಗಾಲದಲ್ಲಿ ಅವುಗಳ ಊಟ ಅದೇ. ಪೆಟ್ಟಿಗೆ ಮುಂದಕ್ಕೆ ತುಸು ವಾಲಿರಲಿ, ನೀರು ಒಳಗೆ ನಿಲ್ಲುವುದಿಲ್ಲ. ನೊಣಗಳು ಆವರಿಸದ ಖಾಲಿ ಎರಿಗಳನ್ನು ಹೊರತೆಗೆಯಿರಿ, ಇಲ್ಲದಿದ್ದರೆ ಜುಲೈಗೆ ಮೇಣದ ಹುಳು. ಜಡಿಮಳೆಯಲ್ಲಿ ಸಕ್ಕರೆ ನೀರು ಒಂದಕ್ಕೊಂದು ಅಳತೆಯಲ್ಲಿ, ಸಂಜೆ ಹೊತ್ತು ಕೊಡಬೇಕು. ಹಗಲಲ್ಲಿ ಕೊಟ್ಟರೆ ಬೇರೆ ಗೂಡಿನ ನೊಣ ಬಂದು ಕದಿಯುತ್ತವೆ.

ಹಲಸು ಹಣ್ಣಾದಾಗ

ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆಯ ಆನೆ ಓಡಾಡುವ ಊರುಗಳಲ್ಲಿ ಮನೆಯ ಹತ್ತಿರದ ಹಲಸನ್ನು ಹಣ್ಣಾಗಲು ಬಿಡಬಾರದು. ಎಳೆಯದಿರುವಾಗಲೇ ಕಿತ್ತು ಪಲ್ಯ, ಹಪ್ಪಳಕ್ಕೆ ಬಳಸಿ. ಹಣ್ಣಿನ ವಾಸನೆ ಆನೆಗೆ ಬಹುದೂರದಿಂದ ಗೊತ್ತಾಗುತ್ತದೆ, ಒಮ್ಮೆ ರುಚಿ ಕಂಡ ಮರಕ್ಕೆ ಮುಂದಿನ ವರ್ಷವೂ ಬರುತ್ತದೆ. ತಿಂದು ಉಳಿದ ರಚ್ಚೆಯನ್ನೂ ಹಿತ್ತಲಲ್ಲಿ ಬಿಸಾಡದೆ ಆಳದ ಗುಂಡಿಗೆ ಹಾಕಿ ಮುಚ್ಚಿ. ಬೇಲಿಗೆ ಮನೆಯ ಕರೆಂಟು ಹರಿಸುವುದು ಅಪರಾಧ. ಅದರಿಂದ ಆನೆಯಷ್ಟೇ ಅಲ್ಲ, ರಾತ್ರಿ ಹೊರಗೆ ಬಂದ ಮನೆಯವರೂ ಸಾಯುತ್ತಾರೆ.

ಆನೆಯಿಲ್ಲದ ಕಡೆ ಪರಂಗಿ, ಸೀಬೆಯ ಮೇಲಿನ ನಾಲ್ಕಾರು ಹಣ್ಣು ಹಕ್ಕಿಗೂ ಬಾವಲಿಗೂ ಇರಲಿ. ಅಕ್ಕಿ, ಅನ್ನ ನೆಲಕ್ಕೆ ಹಾಕುವುದು ಬೇಡ, ಅದು ಇಲಿಗೆ ಹಾಕಿದಂತೆ. ಹಲ್ಲಿನ ಗುರುತಿರುವ, ಅರ್ಧ ತಿಂದು ಬಿದ್ದ ಹಣ್ಣನ್ನು ಯಾರೂ ತಿನ್ನಬಾರದು.

ದೀಪ ಆರಿಸುವ ರಾತ್ರಿಗಳು

ಮೇ ಎರಡನೇ ವಾರದಿಂದ ಮುಂಗಾರು ಹತ್ತುವವರೆಗೆ ಮಿಂಚುಹುಳಗಳ ಕಾಲ. ಅವು ಒಂದನ್ನೊಂದು ಹುಡುಕುವುದು ಬೆಳಕಿನಿಂದ. ಹಿತ್ತಲ ಬಿಳಿ ಎಲ್‌ಇಡಿ ರಾತ್ರಿಯಿಡೀ ಉರಿದರೆ ಅವಕ್ಕೆ ಜೊತೆ ಸಿಗುವುದಿಲ್ಲ. ಏಳೂವರೆಯಿಂದ ಹತ್ತರವರೆಗಾದರೂ ಆರಿಸಿಡಿ. ಬೇಕೇಬೇಕೆಂದರೆ ಹಳದಿ ಬಣ್ಣದ ಕಡಿಮೆ ವ್ಯಾಟಿನ ಬಲ್ಬನ್ನು ನೆಲದತ್ತ ಮುಖ ಮಾಡಿಸಿ ಹಾಕಿ. ಮಿಂಚುಹುಳದ ಮರಿ ದರಗಿನಡಿ ಬೆಳೆಯುವುದು ಬಸವನಹುಳು, ಎರೆಹುಳು ತಿಂದು. ಬೇಲಿಯಂಚಿನ ದರಗು ಉಳಿಸಿ ಎಂದದ್ದಕ್ಕೆ ಅದೂ ಒಂದು ಕಾರಣ. ಮೊದಲ ದೊಡ್ಡ ಮಳೆಯ ಸಂಜೆ ಗೆದ್ದಲಿನ ರೆಕ್ಕೆಹುಳುಗಳು ದೀಪಕ್ಕೆ ಮುತ್ತಿದಾಗಲೂ ಔಷಧಿ ಹೊಡೆಯದೆ ದೀಪ ಆರಿಸಿ, ಕಿಟಕಿ ಹಾಕಿ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಬೆಳಗಾಗುವಷ್ಟರಲ್ಲಿ ಕಪ್ಪೆ, ಹಲ್ಲಿ, ಹಕ್ಕಿಗಳು ನೆಲ ಖಾಲಿ ಮಾಡಿರುತ್ತವೆ. ಅಂಗಳದಲ್ಲಿ ರೆಕ್ಕೆ ಮಾತ್ರ ಉಳಿದಿರುತ್ತದೆ.

ಚರಂಡಿ, ತೊಟ್ಟಿ ತೊಳೆಯುವುದಿದ್ದರೆ ರೋಹಿಣಿ ಹುಟ್ಟುವ ಮೊದಲು, ಅಂದರೆ ಮೇ 25ರೊಳಗೆ ಮುಗಿಸಿ. ತಳದ ಕೆಸರಿನಲ್ಲಿ ಕಪ್ಪೆ ಇದ್ದರೆ ಬಕೆಟ್ಟಿನಲ್ಲಿ ಎತ್ತಿ ನೆರಳಿನ ಒದ್ದೆ ಜಾಗಕ್ಕೆ ಬಿಡಿ. ಮುಂಗಾರು ಹಿಡಿದ ಮೇಲೆ ತೊಟ್ಟಿಯ ಮೇಲೆ ಚಾಚಿದ ಕೊಂಬೆಯಲ್ಲಿ ಮುಷ್ಟಿಗಿಂತ ದೊಡ್ಡದಾದ ಬಿಳಿ ನೊರೆಯ ಉಂಡೆ ಕಾಣಬಹುದು. ಅದು ಹಸಿರು ಹಾರುಗಪ್ಪೆಯ ಮೊಟ್ಟೆಗೂಡು. ಸುಮಾರು ಒಂದು ವಾರಕ್ಕೆ ನೊರೆ ಕರಗಿ ಮರಿಗಳು ಕೆಳಗಿನ ನೀರಿಗೆ ಉದುರುತ್ತವೆ. ಅಷ್ಟು ದಿನ ಆ ಕೊಂಬೆ ಕಡಿಯದೆ, ಕೆಳಗಿನ ತೊಟ್ಟಿಯ ನೀರು ಬಸಿಯದೆ ಬಿಡಬೇಕು. ಓರೆಯಾಗಿಟ್ಟ ಕೊಂಬೆಯನ್ನೂ ತೆಗೆಯಬೇಡಿ, 2 ತಿಂಗಳ ಮೇಲೆ ಬಾಲ ಕಳೆದುಕೊಂಡ ಮರಿಗಪ್ಪೆಗಳು ಹತ್ತಿ ಹೊರಬರುವುದು ಅದರ ಮೇಲೆಯೇ.